ಸಮ ಬೇಡವೆಂದ ಆಟ

“ಸಮ ಅಂತ ಮುಗಿಸುವ ತಂಗಿ. ಸೋತು ನಿಮ್ಮೂರು ಬಂಟ್ವಾಳಕ್ಕೆ ವಾಪಸು ಹೋಗುವುದಕ್ಕಿಂತ ಅದೇ ನಿನಗೆ ಒಳ್ಳೇದು,” ಎಂದು ಎದುರಿಗೆ ಕುಳಿತಿದ್ದ ವಕೀಲರು ನನ್ನತ್ತ ಕೈ ಚಾಚಿದರು. ಅರವತ್ತರ ದಶಕದಲ್ಲಿ ಮೂಡಬಿದ್ರಿಯಲ್ಲಿ ನಡೆದ ಚದುರಂಗ ಪಂದ್ಯವದು. ಆಡಲು ಬಂದವರಲ್ಲಿ ಹೆಂಗಸು ನಾನೊಬ್ಬಳೇ.

ಆಟದ ಆರಂಭದಲ್ಲೇ ನಾನು ರಾಜನ ಮುಂದಿನ ಕಾಲಾಳನ್ನೂ ಅದರ ಪಕ್ಕದ್ದನ್ನೂ ಮುನ್ನುಗ್ಗಿಸಿದ್ದೆ. ರಾಜನನ್ನು ಬಯಲಲ್ಲಿ ನಿಲ್ಲಿಸಿದಳೆಂದು ಸುತ್ತ ನಿಂತವರು ನಕ್ಕಿದ್ದರು. ಆದರೆ ಸ್ವಲ್ಪ ಹೊತ್ತಿನಲ್ಲೇ ವಕೀಲರ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ಅವರು ಕುತ್ತಿಗೆಯ ಬೆವರು ಒರೆಸಿಕೊಳ್ಳತೊಡಗಿದ್ದರು. ನನ್ನದೂ ಒಂದು ಆನೆ ಹೋಗಿತ್ತು. ಅಂಥ ಹೆಸರಾಂತ ಆಟಗಾರರೊಡನೆ ಸಮ ಮಾಡಿಕೊಂಡಿದ್ದರೂ ಊರೆಲ್ಲ ಶಹಬ್ಬಾಸ್ ಎನ್ನುತ್ತಿತ್ತು.

“ಬೇಡ. ನಾನು ಆಡ್ತೇನೆ,” ಎಂದೆ.

ನಕ್ಕಿದ್ದವರೆಲ್ಲ ಹಲಗೆಯತ್ತ ಬಗ್ಗಿದರು. ಆಡಿದೆ, ಅವಸರದಲ್ಲಿ ಕುದುರೆಯನ್ನು ತಪ್ಪು ಮನೆಗೆ ನಡೆಸಿ ಸೋತೆ. ವಕೀಲರು ಎದ್ದು ನಿಂತು ಉಸಿರು ಬಿಟ್ಟರು. “ಇವತ್ತು ನಾನು ಹೇಗೋ ಬಚಾವಾದೆ. ಮುಂದಿನ ಸಲ ಬರ್ತೀರಲ್ಲ?” ಎಂದರು. ಆವರೆಗೆ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿರಲಿಲ್ಲ.

ಜೊತೆಗೆ ಬಂದಿದ್ದ ಅಣ್ಣ, “ಒಪ್ಪಿದ್ದರೆ ಆಗ್ತಿತ್ತು ಮಾರಾಯ್ತಿ,” ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ. ಆಮೇಲೆ ಎಷ್ಟೋ ಆಟ ಗೆದ್ದಿದ್ದೇನೆ, ಮರೆತೂ ಬಿಟ್ಟಿದ್ದೇನೆ. ಆ ಸೋಲು ನೆನಪಾದರೆ ಮಾತ್ರ ಈ ವಯಸ್ಸಿನಲ್ಲೂ ಬೆನ್ನು ನೆಟ್ಟಗಾಗುತ್ತದೆ.