ಅತ್ತೆಯ ಹಣೆ ಒರೆಸಿದ ಕ್ಯಾಮೆರಾ

ಗೆಳೆಯರೇ, ಹೊಸ ಫೋನಿನ ಕ್ಯಾಮೆರಾ ಹೇಗಿದೆ ಎಂದು ಕೇಳುತ್ತಲೇ ಇದ್ದಿರಿ. ಇವತ್ತು ಆಂಧ್ರದ ಕಲ್ಯಾಣದುರ್ಗದಲ್ಲಿ ಅದರ ಪರೀಕ್ಷೆ ಆಯಿತು.

ನನ್ನ ಸೋದರತ್ತೆಗೆ ಎಪ್ಪತ್ತೆಂಟು ವರ್ಷ. ತಾನು ಹೋದಮೇಲೆ ಗೋಡೆಗೆ ಹಾಕುವ ಫೋಟೋವನ್ನು ಈಗಲೇ ನೋಡಿ ಒಪ್ಪಬೇಕೆಂಬುದು ಅವರ ಹಟ. ಅಂಗಳದಲ್ಲಿ ಕೂರಿಸಿ ತೆಗೆದೆ. ಇನ್ನೂರು ಮೆಗಾಪಿಕ್ಸೆಲ್ಲಿನಲ್ಲಿ ಅತ್ತೆ ಐವತ್ತರವರಂತೆ ಹೊಳೆದರು. ಹೆಮ್ಮೆಯಿಂದ ತೋರಿಸಿದೆ. ಇದ್ಯಾರೆಂದು ಅತ್ತೆ ತಮ್ಮ ತೆಲುಗು ಬೆರೆತ ಮಾತಿನಲ್ಲಿ ಕೇಳಿದರು.

"ಎವರ್ರಾ ಈಯಮ್ಮ? ಸಿನಿಮಾದೋಳ್ ತರ ಅವ್ಳೆ!"

"ನೀನೇ ಕಣತ್ತೆ."

ಅತ್ತೆ ಎರಡು ಬೆರಳಲ್ಲಿ ಪರದೆ ಹಿಗ್ಗಿಸಿ ಹಣೆಯನ್ನೇ ಹುಡುಕಿದರು. "ನನ್ ಪಚ್ಚಬೊಟ್ಟು ಎಲ್ಲೋಯ್ತು?"

ನಿಜ. ಹುಬ್ಬುಗಳ ನಡುವಿನ ಹಸಿರು ಹಚ್ಚೆಯನ್ನು ಫೋನು ಕಲೆಯೆಂದು ತಿಳಿದು ಒರೆಸಿಹಾಕಿತ್ತು. ಮುಖವನ್ನು ಚಂದಗೊಳಿಸುವ ಸೌಲಭ್ಯ ತಾನಾಗಿಯೇ ಆನ್ ಆಗಿದ್ದುದನ್ನು ನಾನು ನೋಡಿರಲಿಲ್ಲ.

"ಏಳು ವರ್ಸದೋಳಿದ್ದಾಗ ನಮ್ಮವ್ವ ಗಟ್ಟಿಯಾಗಿ ಹಿಡ್ಕೊಂಡು ಹಾಕ್ಸಿದ್ದು ಕಣ್ಲಾ. ಸತ್ತಾಗ ಒಡವೆ ಎಲ್ಲಾ ಬಿಚ್ಕಂತೀರ, ನನ್ ಜೊತೆ ಬರೋದು ಇದೊಂದೇ. ಇದಿಲ್ದಿದ್ರೆ ಯಾರಿಗ್ ಹಾಕ್ತೀಯಾ ಹಾರ?"

ಸೌಲಭ್ಯ ಆಫ್ ಮಾಡಿ ಮತ್ತೆ ತೆಗೆದೆ. ಒಂದೊಂದು ಸುಕ್ಕೂ ಬಂತು, ಹಚ್ಚೆಯೂ ಬಂತು. ಅತ್ತೆ ಬಹಳ ಹೊತ್ತು ನೋಡಿದರು.

"ಹೂಂ, ಈಗ ನಾನು ಕಣಪ್ಪ."

ಮೊದಲಿನದನ್ನು ಅಳಿಸಲು ಹೋದೆ. ಅತ್ತೆ ಕೈ ಹಿಡಿದರು. "ಅದಿರ್ಲಿ ಬುಡು. ಹಿಂದೂಪುರದಾಗಿರೋ ನನ್ ತಂಗಿಗೆ ಕಳ್ಸು. ಒಸಿ ಉರ್ಕೊಳ್ಲಿ."

ಕಳಿಸಿದ್ದೇನೆ. ನನ್ನ ವಿಮರ್ಶೆ ಇಷ್ಟೇ: ಹೊಳಪು ಜಾಸ್ತಿ, ಗುರುತು ನಾಸ್ತಿ. ಗೋಡೆಗೆ ಆಗದು, ತಂಗಿಯರನ್ನು ಉರಿಸಲು ಅಡ್ಡಿಯಿಲ್ಲ.