ಸೊನ್ನೆ ಕಳೆದುಕೊಂಡ ಮಳೆ

ವೈದ್ಯನಾಥಪುರದ ಜಯಮ್ಮ ಮೇಡಂ ಮೂವತ್ತು ವರ್ಷ ಸುಳ್ಳು ಬರೆದಿದ್ದಾರೆ ಎಂದು ಒಂದು ಕಂಪ್ಯೂಟರ್ ಹೇಳಿತು.

ನೇರವಾಗಿ ಹಾಗಲ್ಲ. ‘ದಾಖಲೆ ನಂಬಲರ್ಹವಲ್ಲ’ ಎಂದಿತು. ಎರಡಕ್ಕೂ ಏನು ವ್ಯತ್ಯಾಸ?

ಮೇಡಂ ರಿಟೈರ್ಡ್ ಟೀಚರ್. ರಜೆಯಿರಲಿ ಬಿಡಲಿ, ದಿನಾ ಬೆಳಿಗ್ಗೆ ಶಾಲೆಯ ಅಂಗಳದ ಮಳೆಮಾಪಕ ನೋಡಿ, ಎಷ್ಟು ಮಿಲಿಮೀಟರ್ ಮಳೆಯೆಂದು ರಿಜಿಸ್ಟರಿನಲ್ಲಿ ಕನ್ನಡ ಅಂಕಿಯಲ್ಲಿ ಬರೆದಿಟ್ಟವರು. ಮದ್ದೂರಿನ ನಮ್ಮ ಮನೆಯಲ್ಲಿ ಕೂತು ಅವರು ಓದಿದರು, ಅವರ ಹಳೇ ಶಿಷ್ಯನಾದ ನಾನು ಟೈಪ್ ಮಾಡಿದೆ. ಬೆಂಗಳೂರಿನ ಒಂದು ಆಫೀಸಿಗೆ ಕಳಿಸಿದೆವು. ಅಲ್ಲಿ ಮಳೆಯ ಲೆಕ್ಕ ತಾಳೆ ನೋಡುವ ಸಾಫ್ಟ್‌ವೇರ್ ಇದೆ. ಅದರ ತೀರ್ಪು: ಸುತ್ತಮುತ್ತ ಜೋರು ಮಳೆ ಬಿದ್ದ ಎಷ್ಟೋ ದಿನ ವೈದ್ಯನಾಥಪುರದಲ್ಲಿ ಬರೀ ತುಂತುರು, ಬೇಸಿಗೆಯಿಡೀ ಮೇಡಂ ಗೈರುಹಾಜರು.

“ಬುಡಪ್ಪ, ವಯಸ್ಸಾಯ್ತಲ್ಲ,” ಅಂದರು ಮೇಡಂ. ಕೊಟ್ಟ ಕಾಫಿಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ, “ಆದ್ರೆ ಒಂದಿನಾನೂ ತಪ್ಸಿಲ್ಲ ಕಣಪ್ಪ.”

(ವಯಸ್ಸಿನ ಮಾತು ಅವರದೇ? ನಾನೇ ಅಂದಿರಬಹುದು. ನನ್ನ ನೆನಪು ಯಾವಾಗಲೂ ನನ್ನ ಪರವಾದ ಸಾಕ್ಷಿ.)

ಸಾಫ್ಟ್‌ವೇರನ್ನೇ ಮನೆಗೆ ತರೋಣ ಅನಿಸಿತು. ಕೇಳಿದೆ, ಕಾಪಿ ಕೊಟ್ಟರು. ಆದರೆ ಅದು ಆಫೀಸಿನ ದೊಡ್ಡ ಮೆಷಿನ್ನಿಗೆಂದೇ ಬರೆದದ್ದು. ನನ್ನ ಹಳೇ ಕಂಪ್ಯೂಟರಿಗೆ ಒಗ್ಗಿಸುವುದೆಂದರೆ ದೊಡ್ಡ ಮನೆಯ ಮಂಚವನ್ನು ಗಲ್ಲಿಮನೆಯ ಬಾಗಿಲಲ್ಲಿ ತೂರಿಸಿದಂತೆ. ಕಾಲು ಬಿಚ್ಚಬೇಕು, ಓರೆ ಮಾಡಬೇಕು, ಗೋಡೆಗೆ ಬೈಯಬೇಕು. ಮೂರು ಭಾನುವಾರ ಹಿಡಿಯಿತು. (ನನ್ನ ಹೆಂಡತಿ ಐದು ಅನ್ನುತ್ತಾಳೆ.)

ಕೊನೆಗೂ ಓಡಿತು. ಓಡಿ, ಅದೇ ತೀರ್ಪು ಕೊಟ್ಟಿತು.

ಸೋತೆನೇ? ಇಲ್ಲ. ಈಗ ಅದರ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ನಾನೇ ನೋಡಬಹುದಿತ್ತು. ಒಂದೇ ಒಂದು ದಿನದ ಅಂಕಿ ಕೊಟ್ಟು ಹೆಜ್ಜೆ ಹೆಜ್ಜೆಯಾಗಿ ನಡೆಸಿದೆ. ರಿಜಿಸ್ಟರಿನ ೮೦ ಒಳಗೆ ಹೋಗಿ ೮ ಆಗಿತ್ತು. ಸೊನ್ನೆ ಎಲ್ಲಿ?

ಮೇಡಂ ಓದಿದ್ದು, “ಎಂಟು, ಸೊನ್ನೆ.” ನಮ್ಮಲ್ಲಿ ಅಂಕಿಯೂ ಸೊನ್ನೆ, ‘ಅಂ’ ಬರೆಯುವಾಗ ಪಕ್ಕದಲ್ಲಿಡುವುದೂ ಸೊನ್ನೆ. ನಾನು ಒತ್ತಿದ್ದು ಎರಡನೆಯದನ್ನು. ನನ್ನ ಹಳೇ ಫಾಂಟಿನಲ್ಲಿ ಎರಡೂ ಒಂದೇ ಥರ ದುಂಡಗೆ. ಸಾಫ್ಟ್‌ವೇರ್ ಮಾತ್ರ ಅಂಕಿಯಲ್ಲದ್ದನ್ನು ಸದ್ದಿಲ್ಲದೆ ಎಸೆಯುತ್ತಿತ್ತು. ಹೀಗೆ ಎಂಬತ್ತು ಎಂಟಾಯಿತು. ಮಳೆಯಿಲ್ಲದ ದಿನದ ಒಂಟಿ ಸೊನ್ನೆ ಖಾಲಿಯಾಯಿತು. ಖಾಲಿಯೆಂದರೆ ಗೈರುಹಾಜರು.

ಸುಳ್ಳು ಬರೆದವನು ನಾನು. ಸರಿಯಾಗೇ ಒತ್ತಿದ್ದೆ ಎಂದು ನನ್ನ ಬೆರಳುಗಳು ಈಗಲೂ ವಾದಿಸುತ್ತವೆ.

ಅಕ್ಷರದ ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅಂಕಿಯ ಸೊನ್ನೆ ಮಾಡಿ ಮತ್ತೆ ಓಡಿಸಿದೆ. ಗ್ರಾಫ್ ಎದ್ದು ನಿಂತಿತು. ಆಫೀಸಿಗೆ ಕಳಿಸಿದೆ. ‘ದಾಖಲೆ ಅಂಗೀಕೃತ’ ಎಂದು ಮೇಲ್ ಬಂತು. ಫೋನ್ ಮಾಡಿದೆ; ಮೇಡಂ ಮುಂದಿನ ಬಸ್ಸಿಗೇ ಬಂದರು.

“ಈ ಮಳೇಲೇ ನನ್ನ ಛತ್ರಿ ಮುರ್ದೋದದ್ದು,” ಸ್ಕ್ರೀನಿನ ಎತ್ತರದ ಗೆರೆಯೊಂದನ್ನು ಮುಟ್ಟಿದರು. “ಇದ್ನ ತುಂತುರು ಮಾಡ್ಬುಟ್ಟಿದ್ಯಲ್ಲಪ್ಪ.”

“ತಪ್ಪಾಯ್ತು ಮೇಡಂ.”

ಅವರ ಬೆರಳು ಕೆಳಗಿಳಿಯಿತು. ಬೇಸಿಗೆಯ ಜಾಗ, ನೆಲಕ್ಕೆ ಅಂಟಿದ ಗೆರೆ.

“ಇದು?”

“ಮಳೆಯಿಲ್ಲದ ದಿನಗಳು. ಬರೀ ಸೊನ್ನೆ.”

“ಎಲ್ಲಾ ಅವೆ ತಾನೆ?”

“ಒಂದೂ ಬಿಟ್ಟಿಲ್ಲ ಮೇಡಂ.”

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಅಂಗಾದ್ರೆ ಈಗ ಕಾಫಿ ಕೊಡು, ಕುಡೀತೀನಿ.”

ಸೊನ್ನೆ ಬರೆಯುವುದಕ್ಕೂ ಅಂಗಳದವರೆಗೆ ನಡೆದುಹೋಗಿ ನೋಡಲೇಬೇಕಲ್ಲವೇ?