ಪೊರ್ಬುಗಳ ಕಚ್ಚುಗಂಟು

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೊಡಿಯಾಲ್‌ಬೈಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟ್ರು. ಮನೆ ಬೋಳಾರದಲ್ಲಿ, ನದಿಗೆ ಹತ್ತಿರ. ಒಂದು ಡಿಸೆಂಬರಿನಲ್ಲಿ ಯಾವುದೋ ಪ್ರಾಣಿ ದಿನಾ ಬೆಳಗಾಗುವುದರೊಳಗೆ ನಮ್ಮ ಹಿತ್ತಿಲಿಗೆ ನುಗ್ಗಿ ಅಮ್ಮ ನೆಟ್ಟ ಗೆಣಸನ್ನು ಅಗೆದು ತಿನ್ನತೊಡಗಿತು. ನೇತ್ರಾವತಿ ಈಜಿಕೊಂಡು ಕಾಡುಹಂದಿ ಬಂದಿದೆ ಎಂದು ಅಮ್ಮ ತೀರ್ಮಾನಿಸಿದರು.

"ಅಜ್ಜನ ಕೋವಿ ಉಂಟಲ್ಲ, ಅದು ಎಣ್ಣೆ ಹಚ್ಚಿ ಇಡ್ಲಿಕ್ಕೆ ಮಾತ್ರವಾ?"

ಕೋವಿ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಿತ್ತು, ನಿಜ. ಆದರೆ ನಾನು ಅದರಿಂದ ಒಂದು ಕಾಗೆಯನ್ನೂ ಹೆದರಿಸಿದವನಲ್ಲ. ನೆಲದ ಮೇಲೆ ನಿಂತು ಹಂದಿಯನ್ನು ಎದುರಿಸುವುದಂತೂ ನನ್ನಿಂದಾಗದ ಮಾತು.

ಉಪಾಯ ಹೇಳಿದವರು ಪಕ್ಕದ ಮನೆಯ ಪೊರ್ಬುಗಳು. ಕೊಂಕಣಿ ಕ್ರಿಶ್ಚಿಯನ್ ಹಿರಿಯರನ್ನು ನಮ್ಮ ತುಳುವಿನಲ್ಲಿ ಹಾಗೆಯೇ ಕರೆಯುವುದು. ಇಪ್ಪತ್ತು ವರ್ಷ ಹಡಗಿನಲ್ಲಿ ಹಗ್ಗದ ಕೆಲಸ ಮಾಡಿ ಊರಿಗೆ ಮರಳಿದ್ದರು. ಕಟ್ಟಲು ಏನೂ ಸಿಗದೆ ಬೇಸರದಲ್ಲಿದ್ದರು.

"ನೆಲದಲ್ಲಿ ಯಾಕೆ ಮಾರಾಯ್ರೆ? ನಿಮ್ಮ ಹಲಸಿನ ಮರ ಉಂಟಲ್ಲ. ನಾನು ನಿಮ್ಮನ್ನು ಕಟ್ತೇನೆ."

ದಪ್ಪ ಕ್ಯಾನ್ವಾಸ್ ಬಟ್ಟೆಯಿಂದ ಅವರು ತೊಡೆಯನ್ನೂ ಸೊಂಟವನ್ನೂ ಹಿಡಿಯುವ ಒಂದು ಜೀನು ಹೊಲಿದರು. ಮರಕ್ಕೆ ಕಟ್ಟಿದ ಹಗ್ಗದಲ್ಲಿ ಅದರೊಳಗೆ ಕೂತು ತೂಗುತ್ತಾ ಗುರಿ ಇಡಬೇಕು. ಒಂದು ವಾರ ನನಗೆ ಗಂಟುಗಳ ಪಾಠ ನಡೆಯಿತು. ನನಗೆ ಇಷ್ಟವಾದದ್ದು ಬೋಲೈನ್ ಎಂಬ ಗಂಟು. ಎಷ್ಟು ಎಳೆದರೂ ಜಾರುವುದಿಲ್ಲ, ಎಳೆತ ನಿಂತ ಮೇಲೆ ಹೆಬ್ಬೆರಳಿನಿಂದ ದೂಡಿದರೆ ಬಿಚ್ಚಿಕೊಳ್ಳುತ್ತದೆ. ಅಭ್ಯಾಸಕ್ಕೆಂದು ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟ್ರ ಕೊಡೆಯನ್ನು ಕುರ್ಚಿಗೆ ಕಟ್ಟಿ ಬೈಸಿಕೊಂಡೆ. ಪೊರ್ಬುಗಳಿಗೆ ಪ್ರಿಯವಾದದ್ದು ಕಚ್ಚುಗಂಟು. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗವನ್ನು ಮೂರು ಸುತ್ತು ಸುತ್ತಿ ಹಾಕುವುದು.

"ಭಾರ ಹಾಕಿದ್ರೆ ಕಚ್ತದೆ, ಭಾರ ತೆಗೆದ್ರೆ ಜಾರ್ತದೆ. ಮನುಷ್ಯರಿಗಿಂತ ನಂಬಿಗಸ್ಥ," ಎನ್ನುತ್ತಿದ್ದರು.

ನಿಗದಿಯಾದ ದಿನ ಬೆಳಗಿನ ಜಾವ ನನ್ನನ್ನು ಕೋವಿ ಸಮೇತ ಹದಿನೈದು ಅಡಿ ಮೇಲೆ ಕಚ್ಚುಗಂಟು ಹಾಕಿ ಕಟ್ಟಿದರು. ಹಂದಿಗೆ ಸಂಶಯ ಬರಬಾರದೆಂದು ಏಣಿಯನ್ನು ಹೊತ್ತುಕೊಂಡು ಹೋಗಿ, ಅಲ್ಲಿಂದ ನೇರ ಇಗರ್ಜಿಗೆ ಪೂಜೆಗೆ ನಡೆದರು.

ಬೆಳಕು ಹರಿಯುವಾಗ ಹಂದಿ ಬಂತು. ಗುರಿ ಇಟ್ಟೆ. ಕಾಡುಹಂದಿಯ ಮೈ ಕಪ್ಪಲ್ಲವೇ? ಇದು ಗುಲಾಬಿ ಬಣ್ಣದ್ದು. ಕೊರಳಲ್ಲಿ ಹಗ್ಗ ಬೇರೆ ನೇತಾಡುತ್ತಿತ್ತು. ಕ್ರಿಸ್ಮಸ್ ಊಟಕ್ಕೆಂದು ಪೊರ್ಬುಗಳು ಸಾಕುತ್ತಿದ್ದ ಹಂದಿಯೇ ಅದು! ಹೊಟ್ಟೆ ತುಂಬ ಗೆಣಸು ತಿಂದು, ಬಂದ ದಾರಿಯಲ್ಲೇ ಗೂಡಿಗೆ ಮರಳಿತು.

ಇಳಿಯೋಣವೆಂದು ಕಚ್ಚುಗಂಟನ್ನು ಕೆಳಕ್ಕೆ ದೂಡಿದೆ. ಇಬ್ಬನಿಗೆ ನೆನೆದು ಊದಿದ್ದ ಹಗ್ಗ ಕಲ್ಲಿನಂತಾಗಿತ್ತು. ಕೊಂಬೆಗೆ ಕಾಲು ಕೊಟ್ಟು ಭಾರ ತೆಗೆಯಲು ಹೋದವನು ಗರಗರ ತಿರುಗಿ ಬೆನ್ನು ಅಡಿಯಾಗಿ ನೇತುಬಿದ್ದೆ. ಕೋವಿ ಕೆಳಗಿನ ಗೊಬ್ಬರದ ಗುಂಡಿಗೆ ಬಿತ್ತು. ಪುಣ್ಯಕ್ಕೆ ಸಿಡಿಯಲಿಲ್ಲ. ಅಷ್ಟರಲ್ಲಿ ಹಂಚಿನ ಕಾರ್ಖಾನೆಯ ಸೈರನ್ ಆಯಿತು. ಕೆಲಸಕ್ಕೆ ಹೊರಟ ಹೆಂಗಸರು ಕಂಪೌಂಡ್ ಗೋಡೆಯ ಆಚೆ ಸಾಲಾಗಿ ನಿಂತರು. ಅವರಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಾಯಿಯೂ ಇದ್ದರು.

"ಎಂತ ಮಾಸ್ಟ್ರೇ, ಈ ವರ್ಷ ಹಲಸು ಬೇಗ ಬಂತಾ?"

ಪೂಜೆ ಮುಗಿಸಿ ಬಂದ ಪೊರ್ಬುಗಳು ಏಣಿ ಇಟ್ಟು ಹತ್ತಿದರು. ತಾವೇ ಹಾಕಿದ ಗಂಟನ್ನು ಉಗುರಿನಲ್ಲಿ, ಚಮಚದಲ್ಲಿ, ಕೊನೆಗೆ ಹಲ್ಲಿನಲ್ಲಿ ಎಳೆದರು. ನಾನು ನೇತಾಡುತ್ತಲೇ ಹಂದಿಯ ಸುದ್ದಿ ಹೇಳಿದೆ. ಕೆಳಗೆ ನಿಂತಿದ್ದ ಅವರ ಹೆಂಡತಿಯ ಮುಖ ಅರಳಿತು. ಒಂದೇ ಎಳೆತಕ್ಕೆ ಬಿಚ್ಚುವ ಹಡಗಿನ ಗಂಟನ್ನು ಪೊರ್ಬುಗಳೇ ಹಂದಿಗೆ ಹಾಕುತ್ತಿದ್ದರು. ಹಂದಿ ಆ ಹಗ್ಗದ ತುದಿಯನ್ನು ಬಾಯಲ್ಲಿ ಎಳೆಯಲು ಕಲಿತಿತ್ತು. ಬೆಳಿಗ್ಗೆ ಬಿಚ್ಚಿದ ಹಗ್ಗ ಕಂಡಾಗಲೆಲ್ಲ, ನೀನೇ ಬಿಚ್ಚಿದ್ದು ಎಂದು ಗಂಡನಿಂದ ಬೈಗುಳ ತಿನ್ನುತ್ತಿದ್ದವರು ಆ ಬಾಯಮ್ಮ.

"ಇಪ್ಪತ್ತು ವರ್ಷ ಹಡಗು ಕಟ್ಟಿದ್ರಂತೆ! ಒಂದು ಹಂದಿ ಕಟ್ಲಿಕ್ಕೆ ಬರುದಿಲ್ಲ!" ಎಂದು ಗೋಡೆಯಾಚೆಗೂ ಕೇಳುವಂತೆ ಕೂಗಿದರು.

ಕಡೆಗೆ ತೆಂಗಿನ ಮರದಿಂದ ಶೇಂದಿ ಇಳಿಸುವವನನ್ನು ಕರೆದರು. ಅವನು ಪಾದಗಳಿಗೆ ಒಂದು ಹಗ್ಗದ ಬಳೆ ಸಿಕ್ಕಿಸಿಕೊಂಡು, ಏಣಿಯನ್ನು ಮುಟ್ಟದೆ ಸರಸರ ಮೇಲೆ ಬಂದ. ನನ್ನನ್ನು ಹೆಗಲಿಗೆ ಆನಿಸಿಕೊಂಡು ಕತ್ತಿಯಿಂದ ಹಗ್ಗ ಕಡಿದ. ಕೆಳಗಿಳಿದ ಮೇಲೆ ಪೊರ್ಬುಗಳು ಬಹಳ ಗೌರವದಿಂದ ಅವನ ಕಾಲಿನ ಬಳೆಯನ್ನು ತೋರಿಸಿ ಕೇಳಿದರು: "ಈ ಗಂಟಿನ ಹೆಸರು ಎಂತ?"

ಅವನು ಸ್ವಲ್ಪ ಯೋಚಿಸಿದ.

"ಗಂಟು," ಎಂದ.

ಆ ಜೀನು ನನ್ನ ತೊಡೆಗಳನ್ನು ಎಷ್ಟು ಉಜ್ಜಿತ್ತೆಂದರೆ, ಮುಂದಿನ ಮೂರು ದಿನ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎಲ್ಲ ಪೀರಿಯಡ್ಡುಗಳನ್ನೂ ನಿಂತೇ ಪಾಠ ಮಾಡಿದೆ. ವಾರದ ಕೊನೆಯ ಮೀಟಿಂಗಿನಲ್ಲಿ ಹೆಡ್‌ಮಾಸ್ಟ್ರು ಉಳಿದ ಶಿಕ್ಷಕರಿಗೆಲ್ಲ ನನ್ನನ್ನು ತೋರಿಸಿ, ಇವರನ್ನು ನೋಡಿ ಕಲಿಯಿರಿ ಎಂದರು.